ಮೆಟ್ಟು

ಮೊಗ್ರಾಲಿನ ಅಳಿವೆಗೆ ಈಚೆ, ಮರಿಯುಮ್ಮನ ಹಿತ್ತಿಲು.
ಹದಿನೇಳನೇ ತೆಂಗಿಗೆ ಉಗುರಿನಷ್ಟು ಮೈಕು ಚುಚ್ಚಿ
ನಾಲ್ಕು ನಿಮಿಷ ಮರವನ್ನು ಕೇಳಿದೆ.
ಬುಡದಲ್ಲಿ ಕಂದು ಅಂಟು, ಹುಳಿ ಬಂದ ಕಳ್ಳಿನ ವಾಸನೆ.

ಸಿಕ್ಕಿದ್ದು ಒಂದು ಗೆರೆ.
ಲ್ಯಾಪ್‌ಟಾಪಿನಲ್ಲಿ ನಡುಗುತ್ತಾ ಹೋಗುವ,
ಎಲ್ಲಿಯೂ ನಿಂತು ಹೆಸರು ಹೇಳದ ಗೆರೆ.
ಇದರಲ್ಲಿ ಗಾಳಿ ಎಲ್ಲಿಗೆ ಮುಗಿಯಿತು,
ಕೆಂಪು ಮೂತಿಯ ಹುಳ ಎಲ್ಲಿಂದ
ನಾರು ಅಗಿಯತೊಡಗಿತು,
ಕಡಿದು ತೋರಿಸಬೇಕು. ನನಗೆ ಸಂಬಳ ಅದಕ್ಕೆ.
(ಹುಳ ಅಂಬಾಡಿಯ ಬಾಯಲ್ಲಿ ಚೆಲ್ಲಿ,
ನನ್ನ ವರದಿಯಲ್ಲಿ ಓರೆ ಅಕ್ಷರದ ಲ್ಯಾಟಿನ್.
ಅಗಿಯುವುದು ಮಾತ್ರ ಒಂದೇ ಥರ.)

ಕಡಿಯುವುದು ಕಷ್ಟವಲ್ಲ.
ಬಿಟ್ಟರೆ ಲೆಕ್ಕಕ್ಕೆ ಹುಚ್ಚು ಹಿಡಿಯುತ್ತದೆ:
ಗರಿ ಗರಿಗೆ ಸೋಕಿದರೆ ಒಂದು ತುಂಡು,
ಕಾಗೆ ಕೂತರೆ ಒಂದು, ಎದ್ದರೆ ಇನ್ನೊಂದು,
ಪ್ರತಿ ತುಂಡೂ ತನ್ನಷ್ಟಕ್ಕೆ ಸರಿ. ತಪ್ಪು ಸೊನ್ನೆ,
ಅರ್ಥವೂ ಸೊನ್ನೆ.
ಅದಕ್ಕೇ ಪ್ರತಿ ಕಡಿತಕ್ಕೂ ಒಂದು ದಂಡ,
ಲ್ಯಾಂಬ್ಡಾ ಅಂತ ಅದರ ಹೆಸರು.
ಏರಿಸಿದೆ. ಏರಿಸುತ್ತಾ ಹೋದೆ.
ಕೊನೆಗೆ ಗಾಳಿ, ಹುಳ, ಕಾಗೆ, ಮರ
ಎಲ್ಲ ಒಂದೇ ಪ್ರದೇಶವಾಗಿ
ಪರದೆ ಸುಮ್ಮನಾಯಿತು,
ಶಾಂತಿಸಭೆ ಮುಗಿದ ಮೈದಾನದ ಹಾಗೆ.

"ಎಂತ ಟೀಚರೇ, ಸಿಕ್ಕಿತಾ?"
ಅಂಬಾಡಿ ಬೀಡಿ ಆರಿಸಿ ಬಂದ.
ನಾನು ಟೀಚರಲ್ಲ; ಮೂರು ವರ್ಷ ಹೇಳಿ ಬಿಟ್ಟಿದ್ದೇನೆ.
ದಂಡದ ವಿಚಾರ ಹೇಳಿದೆ. ಅವನು
ಕಾಂಡದ ಮೇಲಿನ ಹಳೆಯ ಮೆಟ್ಟುಗಳನ್ನು ತೋರಿಸಿದ,
ಅವನಪ್ಪ ಕತ್ತಿಯಲ್ಲಿ ಕೊಚ್ಚಿದ್ದು.
"ಕಡಿಮೆ ಕಡಿದರೆ ಕಾಲಿಗೆ ಎಟಕುದಿಲ್ಲ.
ಜಾಸ್ತಿ ಕಡಿದರೆ ಮರಕ್ಕೆ ಅಷ್ಟೂ ಗಾಯ,
ಗಾಯದ ವಾಸನೆಗೇ ಹುಳ ಬರುದು.
ಹತ್ತುವವನ ಮೊಣಕಾಲಿನ ಅಳತೆ ಉಂಟಲ್ಲ, ಅಷ್ಟೇ."

ಎಣಿಸಿದೆ. ಇಪ್ಪತ್ತಮೂರು.
ಒಂದೊಂದೂ ಕೆಳಗಿನದರ ಮೇಲೆ ನಿಂತು ಕೊಚ್ಚಿದ್ದು.
ನನ್ನ ಲೆಕ್ಕವೂ ಹಾಗೆಯೇ ಹತ್ತುತ್ತದೆ:
ಈ ಕ್ಷಣದವರೆಗಿನ ಅಗ್ಗದ ದಾರಿ ಎಂದರೆ
ಹಿಂದಿನ ಯಾವುದೋ ಕಡಿತದವರೆಗಿನ ಅಗ್ಗದ ದಾರಿ,
ಆಮೇಲೆ ಒಂದೇ ಹೆಜ್ಜೆ, ಆ ಹೆಜ್ಜೆಯ ತಪ್ಪು, ಒಂದು ದಂಡ.
ಕೆಳಗೆ ಹತ್ತಿದ್ದನ್ನು ಮತ್ತೆ ಹತ್ತಬೇಕಿಲ್ಲ.

ಈ ಊರಿಗೂ ಒಮ್ಮೆ ಗೆರೆ ಎಳೆದರು,
ಯಾರ ಮೊಣಕಾಲಿನ ಅಳತೆಯೋ.
ಬಸ್ಸಿನ ಬೋರ್ಡು ಓದಲು ನನ್ನಮ್ಮ
ಈಗಲೂ ಪಕ್ಕದವರನ್ನು ಕೇಳುತ್ತಾಳೆ.
ಅವರು ಓದಿ ಹೇಳುತ್ತಾರೆ, ತುಳುವಿನಲ್ಲಿ.

ದಂಡವನ್ನು ಅಂಬಾಡಿಯ ಮೊಣಕಾಲಿಗೆ ಇಳಿಸಿದೆ.
ಮೂರು ಕಡಿತ ಬಂತು, ನಾಲ್ಕು ತುಂಡು.
ಮೊದಲನೆಯದು ಗಾಳಿ.
ಎರಡನೆಯದು ಮಂಗಳೂರಿಗೆ ಹೋಗುವ ಲೋಕಲ್ ಗಾಡಿ,
ಹಳಿಯಿಂದ ಹೊಯಿಗೆಗೆ, ಹೊಯಿಗೆಯಿಂದ ಬೇರಿಗೆ.
ಮೂರನೆಯದು ಟಿಕ್, ಟಿಕ್‌ಟಿಕ್, ಒದ್ದೆ ನಾರು ಹರಿಯುವ ಸದ್ದು.
ಅಂಬಾಡಿ ಹೆಡ್‌ಫೋನು ಕಿವಿಗಿಟ್ಟು
"ಇದುವೇ" ಅಂದ. ಹೊಳೆಯ ಕಡೆ ತಿರುಗಿದ.
ನಾಲ್ಕನೆಯದು ಏನೋ ತಗ್ಗು ಸದ್ದು, ಜೋಡಿ ಜೋಡಿಯಾಗಿ,
ಯಾವ ಹುಳದ ಪಟ್ಟಿಯಲ್ಲೂ ಇಲ್ಲದ್ದು.
ಸಮಯ ನೋಡಿದೆ: ಮೂರು ನಿಮಿಷ, ಹತ್ತು ಸೆಕೆಂಡು.
ಅವನು ಮರವನ್ನು ತಬ್ಬಿ ಕಿವಿಗೊಟ್ಟ ಹೊತ್ತು.

ವರದಿಯಲ್ಲಿ ಮೂರನೆಯದನ್ನು ಬರೆದೆ:
ಸೋಂಕು ಖಚಿತ. ಕಡಿಯತಕ್ಕದ್ದು.
ಮರಿಯುಮ್ಮ ಮರದ ವಯಸ್ಸು ಹೇಳಲಿಲ್ಲ,
ಗರಗಸದವನ ಕೂಲಿ ಎಷ್ಟೆಂದು ಕೇಳಿದಳು,
ತಲೆಯ ಚಿಗುರು ಪಲ್ಯಕ್ಕಾದೀತೇ ಅಂತಲೂ.
ಆಗದು ಅಂದೆ.

ನಾಲ್ಕನೆಯದಕ್ಕೆ ನಮೂನೆಯಲ್ಲಿ ಜಾಗವಿರಲಿಲ್ಲ.
ದಂಡ ಒಂಚೂರು ಏರಿಸಿದ್ದರೆ
ಅದು ಹುಳದ ತುಂಡಿನಲ್ಲೇ ಸೇರಿಹೋಗಿ
ಲೆಕ್ಕ ಚೊಕ್ಕವಾಗುತ್ತಿತ್ತು.
ಏರಿಸಲಿಲ್ಲ. ತೆರಬೇಕಾದ್ದು ತೆತ್ತು
ಆ ಕೊನೆಯ ಗೆರೆಯನ್ನು ಅಲ್ಲೇ ಬಿಟ್ಟೆ.

ತಲೆಯೆತ್ತಿದರೆ ಅಂಬಾಡಿ ಆಗಲೇ
ಹದಿನೆಂಟನೆಯದರ ಬುಡದಲ್ಲಿ,
ಮುಂಡಾಸು ಬಿಚ್ಚಿ, ಕಿವಿ ಒರೆಸಿಕೊಳ್ಳುತ್ತಿದ್ದ.